ದುಂಡು ಮೇಜಿನ ಪಂಕ್ತಿ

ಪಿಜ್ಜಾ ಎನ್ನುವುದು ಊಟವೋ ತಿಂಡಿಯೋ ಎಂಬ ಪ್ರಶ್ನೆ ಅದನ್ನು ಕಂಡುಹಿಡಿದ ದೇಶದವರನ್ನು ಎಂದಾದರೂ ಕಾಡಿತ್ತೋ ಇಲ್ಲವೋ ಗೊತ್ತಿಲ್ಲ. ಅಂಕೋಲೆಯ ಬೆಳಂಬಾರದಲ್ಲಂತೂ ಅದು ಒಂದು ವಾರ ಯಾರನ್ನೂ ನೆಮ್ಮದಿಯಿಂದ ಇರಗೊಡಲಿಲ್ಲ. ಕಾರಣ, ಶಿವಾನಂದನ ಮೀಸೆ.

ಶಿವಾನಂದ ಅರಣ್ಯ ಇಲಾಖೆಯ ನರ್ಸರಿಯಲ್ಲಿ ವಾಚಮನ್. ಕಡಲ ದಂಡೆಗೆ ನೆಡುವ ಗಾಳಿಗಿಡದ ಸಸಿಗಳನ್ನು ಊರ ದನಗಳಿಂದ ಕಾಯುವುದು ಅವನ ಕೆಲಸ. ಖಾಕಿ ಅಂಗಿ, ಸೀಟಿ, ಬೆತ್ತ ಇವಿಷ್ಟನ್ನು ಇಲಾಖೆ ಕೊಟ್ಟಿತ್ತು. ಮೀಸೆಯನ್ನು ಮಾತ್ರ ಅವನೇ ಮನೆಯಿಂದ ತಂದಿದ್ದ. ಸೀಟಿ ಊದಿದರೆ ದನಗಳು ಕಿವಿ ಅಲ್ಲಾಡಿಸುತ್ತಿದ್ದವು, ಬೆತ್ತ ಬೀಸಿದರೆ ಬಾಲ ಬೀಸುತ್ತಿದ್ದವು. ಮೀಸೆ ತಿರುವಿದರೆ ಮಾತ್ರ ಓಡುತ್ತವೆ ಎಂಬುದು ಶಿವಾನಂದನ ಅಂಬೋಣ. ದನಗಳ ಅಭಿಪ್ರಾಯವನ್ನು ಯಾರೂ ಕೇಳಿರಲಿಲ್ಲ.

ಮೂರು ವರ್ಷಗಳ ಹಿಂದೆ ಈ ಮೀಸೆಯನ್ನು ಅವನು ಪಣಕ್ಕಿಟ್ಟಿದ್ದ. ಅವನ ಅಕ್ಕ ಹೊನ್ನಮ್ಮನನ್ನು ಕಾರವಾರದ ಹತ್ತಿರ ಕಿನ್ನರಕ್ಕೆ ಕೊಟ್ಟಿತ್ತು. ಬಾವ ಹುಲಿಯಾ ಗೋಡೆ ಕಟ್ಟುವ ಮೇಸ್ತ್ರಿ. ಇನ್ನೊಬ್ಬರ ಮನೆ ಕಟ್ಟಿಕಟ್ಟಿ ಸುಸ್ತಾದ ಮೇಲೆ ತನಗೂ ಒಂದು ಕಟ್ಟಿಕೊಂಡ. ಮನೆ ಒಕ್ಕಲಿನ ದಿನ ಶಿವಾನಂದ ಮೊದಲ ಪಂಕ್ತಿಯಲ್ಲಿ, ಮೊದಲ ಎಲೆಯ ಮುಂದೆ, ಅಂಗಿಯ ತೋಳು ಮಡಚಿ ಕೂತಿದ್ದಾಗ ನಾಲ್ಕು ಜನ ಕಂತ್ರಾಟುದಾರರು ಜೀಪಿನಿಂದ ಇಳಿದರು. ಹುಲಿಯಾ ಓಡಿ ಬಂದು, "ತಮ್ಮಾ, ನೀ ಮನೆಯವ್ನೇ ಅಲ್ವಾ, ಎದ್ಕೊ. ಎರಡ್ನೇ ಪಂಕ್ತಿಗೆ ಕೂತ್ರಾತು," ಎಂದ.

ಕೂತವನನ್ನು ಎಬ್ಬಿಸಿದ. ನೀರು ಚಿಮುಕಿಸಿ ಒರೆಸಿಕೊಂಡಿದ್ದ ಎಲೆಯ ಮುಂದಿನಿಂದ ಎಬ್ಬಿಸಿದ. ಇವರಿಬ್ಬರ ಅಜ್ಜಂದಿರೂ ಊರ ದೊಡ್ಡವರ ಅಂಗಳದ ಹೊರಗೆ, ಒಳಗಿನವರ ಎಲೆ ಏಳುವವರೆಗೆ ಬಿಸಿಲಲ್ಲಿ ನಿಂತು ಕಾದವರು. ಮೊಮ್ಮಕ್ಕಳಿಗೆ ಸ್ವಂತದ್ದೊಂದು ಅಂಗಳವಾಯಿತು. ಆ ಅಂಗಳದಲ್ಲಿ ಅವರು ಮಾಡಿದ ಮೊದಲ ಕೆಲಸ, ಒಂದು ಎರಡನೇ ಪಂಕ್ತಿ ಹಾಕಿದ್ದು.

ಶಿವಾನಂದ ಉಣ್ಣದೆ ಬಂದ. ಬಂದವನು ಊರಗೌಡ ಬೊಮ್ಮುವಿನ ಅಂಗಳದಲ್ಲಿ, ತುಳಸಿಕಟ್ಟೆಯ ಮೇಲೆ ಕೈಯಿಟ್ಟು, ಕೇರಿಗೆಲ್ಲ ಕೇಳುವಂತೆ ಹೇಳಿದ: "ಇನ್ನು ಹುಲಿಯಾ ಬಾವನ ಸಂಗ್ತಿಗೆ ಒಂದೇ ಪಂಕ್ತಿಲಿ ಕೂತು ಊಟ ಮಾಡಿದ್ರೆ ನಾ ಮೀಸೆ ಬೋಳಿಸ್ತೆ."

ಅಂದಿನಿಂದ ನೆಂಟರಿಷ್ಟರ ಮದುವೆಗಳಲ್ಲಿ ಅಡಿಗೆಗಿಂತ ದೊಡ್ಡ ಚಿಂತೆ ಇದೇ ಆಯಿತು. ಹುಲಿಯಾ ಮೊದಲ ಪಂಕ್ತಿಗೆ ಕೂತರೆ ಶಿವಾನಂದ ಕಂಬದ ಮರೆಯಲ್ಲಿ ಕಾಯುತ್ತಿದ್ದ. ಅಂದರೆ ಎರಡನೇ ಪಂಕ್ತಿ ಬೇಡವೆಂದು ಶಪಥ ಮಾಡಿದವನು ಆ ಶಪಥದ ದೆಸೆಯಿಂದಲೇ ಮೂರು ವರ್ಷ ಎರಡನೇ ಪಂಕ್ತಿಯಲ್ಲೇ ಉಂಡ. ಇದನ್ನು ಅವನಿಗೆ ತಿಳಿಸಿ ಹೇಳಲು ಹೆಂಡತಿ ಸುಗಂಧಾ ಒಮ್ಮೆ ನೋಡಿದಳು. ಅವನು ಮೀಸೆ ತಿರುವಿದ. ಅವಳು ದನವಲ್ಲವಾದ್ದರಿಂದ ಓಡಲಿಲ್ಲ, ಆದರೆ ಆ ಮಾತು ಬಿಟ್ಟಳು. ಹೊನ್ನಮ್ಮ ತವರಿಗೆ ಬರುವುದು ನಿಂತಿತು.

ಹೀಗಿರುವಾಗ ಮಗಳು ಪೂಜಾ ಹತ್ತನೇ ಇಯತ್ತೆಯನ್ನು ಫಸ್ಟ್ ಕ್ಲಾಸಿನಲ್ಲಿ ಪಾಸಾದಳು.

"ಅಪ್ಪಾ, ಕಾರವಾರಕ್ಕೆ ಪಿಜ್ಜಾ ತಿಂಬೂಕೆ ಹೋಗ್ವಾ," ಎಂದಳು.

"ಅದು ಎಂತಾ ಹೇಳಿ ಗೊತ್ತದ್ಯಾ ನಿಂಗೆ?"

"ಟೀವಿಲಿ ನೋಡಿದ್ದೆ."

"ಟೀವಿಲಿ ನೋಡೂದಲ್ಲ ಮಗಾ. ನಮ್ಮ ಫಾರೆಸ್ಟ್ ಸಾಹೇಬ್ರ ಮನೇಲಿ ನಾ ಖುದ್ದು ನೋಡಿದವ. ಅದ್ಕೆ ಒಂದು ಗತ್ತು ಅದೆ."

ಅವನು ಖುದ್ದು ನೋಡಿದ್ದು ಪಿಜ್ಜಾದ ಖಾಲಿ ಡಬ್ಬ. ಸಾಹೇಬರ ಹೆಂಡತಿ ಅದರಲ್ಲಿ ಮೆಣಸಿನ ಬೀಜ ಒಣಗಿಸಿದ್ದರು. ಆದರೆ ಗತ್ತು ಇದ್ದದ್ದು ನಿಜ.

ಎಲ್ಲರಿಗೂ ಬೆರಗಾದದ್ದು ಶಿವಾನಂದನ ತಾಯಿ ಬೀರಿಯ ಮಾತು ಕೇಳಿ. ಆ ಮುದುಕಿ ಜನ್ಮದಲ್ಲಿ ಹೋಟೆಲಿನ ಚಾ ಕುಡಿದವಳಲ್ಲ. ಜಗಲಿಯ ಮೂಲೆಯಿಂದ ಮೊಮ್ಮಗಳನ್ನು ಕೇಳಿದಳು.

"ಅದ್ರಲ್ಲಿ ಅನ್ನ ಇರ್ತದ್ಯೇ?"

"ಇಲ್ಲ ಅಜ್ಜಿ."

"ಎಲೆ ಹಾಕ್ತ್ರಾ?"

"ಇಲ್ಲ."

"ನೆಲಕ್ಕೆ ಕೂರೂದಾ?"

"ಕುರ್ಚಿ ಅಜ್ಜಿ, ಮೇಜು."

"ಹಂಗಾರೆ ಹೋಗ್ವಾ. ನಾನೂ ಬತ್ತೆ," ಎಂದ ಮುದುಕಿ ಪೆಟ್ಟಿಗೆಯಲ್ಲಿದ್ದ ಹೊಸ ಸೀರೆ ತೆಗೆಯಲು ಎದ್ದಳು.

ಶನಿವಾರ ಸಂಜೆ ನಾಲ್ವರೂ ಕಾರವಾರದ ಬಸ್ಸಿಳಿದರು. ಪಿಜ್ಜಾ ಹೋಟೆಲು ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿತ್ತು. ಮಾಲೀಕ ಮಧುಕರ ಬಹಳ ಕಾಲ ಗೋವೆಯ ಹೋಟೆಲುಗಳಲ್ಲಿ ದುಡಿದು, ಒಲೆಯ ಜೊತೆಗೆ ಇಂಗ್ಲೀಷನ್ನೂ ಅಷ್ಟಿಷ್ಟು ಕಲಿತು ಊರಿಗೆ ಮರಳಿದವನು. ಅವನ ಹೆಂಡತಿ ದಮಯಂತಿ ಒಳಗೆ ಹಿಟ್ಟು ನಾದುತ್ತಿದ್ದಳು. ಬಾಗಿಲ ಮೇಲಿನ ಬೋರ್ಡು ದೊಡ್ಡ ಅಕ್ಷರಗಳಲ್ಲಿ ಹೇಳುತ್ತಿತ್ತು: ಫ್ಯಾಮಿಲಿ ಡಿನ್ನರ್.

ಒಳಗೆ ಕಾಲಿಡುತ್ತಲೇ ಏಸಿಯ ಗಾಳಿ ಬಡಿದು ಬೀರಿ ಸೆರಗು ತಲೆಗೆ ಹೊದ್ದಳು. ಶಿವಾನಂದನಿಗೆ ಬಡಿದದ್ದು ಬೇರೆ. ಎಲ್ಲ ಮೇಜುಗಳೂ ನೌಕಾನೆಲೆಯ ಹುಡುಗರಿಂದ ತುಂಬಿದ್ದವು. ನಡುವಿನ ದೊಡ್ಡ ದುಂಡು ಮೇಜಿನಲ್ಲಿ ಮಾತ್ರ ಜಾಗವಿತ್ತು. ಅಲ್ಲಿ ಹುಲಿಯಾ ಮತ್ತು ಹೊನ್ನಮ್ಮ ಕೂತಿದ್ದರು.

ಬೀರಿ ಏನೂ ಆಗದವಳಂತೆ ಹೋಗಿ ಮಗಳ ಪಕ್ಕ ಕೂತಳು. ಪೂಜಾ, "ಅತ್ತೇ," ಎಂದು ಇನ್ನೊಂದು ಪಕ್ಕ ಕೂತಳು. ಸುಗಂಧಾ ಗಂಡನ ಮುಖ ನೋಡಿ, ನೋಡಿ ಪ್ರಯೋಜನವಿಲ್ಲವೆಂದು ತಾನೂ ಕೂತಳು. ನಿಂತದ್ದು ಶಿವಾನಂದ ಒಬ್ಬನೇ.

"ಬಸಾ, ಬಸಾ ಕಾಕಾ, ಕೂತ್ಕೊಳ್ಳಿ," ಎಂದು ಮಧುಕರ ಕುರ್ಚಿ ಎಳೆದ.

"ಉದ್ದದ ಮೇಜು ಇಲ್ವಾ?"

"ಉದ್ದದ್ದು ಎಂತಕ್ಕೆ? ಫ್ಯಾಮಿಲಿಗೆ ರೌಂಡೇ ಬೆಸ್ಟ್. ಎಲ್ಲರ ಮುಖ ಎಲ್ಲರಿಗೂ ಕಾಣ್ತದೆ."

"ಅದೇ ತಾಪತ್ರಯ," ಎಂದ ಶಿವಾನಂದ.

ಹೊರಟು ಹೋಗಬಹುದಿತ್ತು. ಆದರೆ ಹುಲಿಯಾ ಆಗಲೇ ಛಾವಣಿ ನೋಡುತ್ತ, "ಮೊದ್ಲು ಬಂದು ಕೂತವ್ರು ಏಳೂದಿಲ್ಲ," ಎಂದು ಫ್ಯಾನಿಗೆ ಹೇಳಿದ್ದ. ಈಗ ಹೊರಗೆ ಹೋದರೆ ಸೋತಂತೆ, ಕೂತರೆ ಮೀಸೆ ಹೋದಂತೆ. ಶಿವಾನಂದ ಒಂದು ಗಳಿಗೆ ಯೋಚಿಸಿ, ಕುರ್ಚಿಯನ್ನು ಎತ್ತಿ ತಿರುಗಿಸಿ, ಮೇಜಿಗೆ ಬೆನ್ನು ಹಾಕಿ, ಗೋಡೆಗೆ ಮುಖ ಮಾಡಿ ಕೂತುಬಿಟ್ಟ. ಬೆನ್ನಿನಿಂದ ಯಾರೂ ಊಟ ಮಾಡುವುದಿಲ್ಲ. ಆದ್ದರಿಂದ ಬೆನ್ನು ಯಾವ ಪಂಕ್ತಿಗೂ ಸೇರುವುದಿಲ್ಲ ಎಂಬುದು ಅವನು ಆ ಕ್ಷಣದಲ್ಲಿ ಕಂಡುಕೊಂಡ ನ್ಯಾಯ.

"ಅತ್ತೇ," ಎಂದ ಹುಲಿಯಾ ಬೀರಿಗೆ, "ಗೋಡೆ ನೋಡೂಕೆ ಬೆಳಂಬಾರದಿಂದ ಬಸ್ಸು ಹತ್ತಿ ಬರಬೇಕಾ ಹೇಳಿ ಕೇಳಿ."

"ಅವ್ವಾ," ಎಂದ ಶಿವಾನಂದ ಗೋಡೆಗೆ, "ಇದು ಚಲೋ ಗೋಡೆ ಹೇಳು. ಕೆಲವು ಮೇಸ್ತ್ರಿಗಳು ಕಟ್ಟಿದ್ದು ಮೊದಲ್ನೇ ಮಳೆಗೇ ಬೆವರ್ತದೆ."

"ಅತ್ತೇ, ಬೆವರಿದ್ರೂ ನಿಂತಿರ್ತದೆ ಹೇಳಿ. ಕೆಲವರು ಕಾಯೂ ಗಿಡ ದನದ ಹೊಟ್ಟೇಲಿ ನಿಂತದೆ."

ಬೀರಿಯ ಗಮನ ಇಬ್ಬರ ಕಡೆಗೂ ಇರಲಿಲ್ಲ. ಅವಳು ಹೊನ್ನಮ್ಮನ ಬಳೆಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತಿದ್ದಳು.

ಮಧುಕರ ಪುಸ್ತಕ ಹಿಡಿದು ಬಂದ. "ಕ್ರಸ್ಟು ಥಿನ್ನಾ ಥಿಕ್ಕಾ ಕಾಕಾ?"

ಶಿವಾನಂದ ಇಲಾಖೆಯ ನೌಕರ. ತಿಳಿಯದ ಪ್ರಶ್ನೆಗೆ ಉತ್ತರಿಸುವ ಅಭ್ಯಾಸ ಇತ್ತು. "ನಡುವಿಂದು," ಎಂದ.

ಹಾಗೆ ಬಂತು ಆ ಪಿಜ್ಜಾ. ಆರು ಜನಕ್ಕೂ ಸೇರಿ ಒಂದೇ, ಎತ್ತಿನ ಗಾಡಿಯ ಗಾಲಿಯ ಮೊಮ್ಮಗನಂತೆ, ಮೇಲೆ ಕೋಳಿಯ ಚೂರು, ಕೆಂಪು ಕೆಂಪು ಸಾರು, ಅದರ ಮೇಲೆ ಬಿಳಿಯ ಅಂಟು. ಕತ್ತರಿಸಿ ತಂದದ್ದರಿಂದ ಎತ್ತಿಕೊಂಡರೆ ಸಾಕು ಎಂದ ಮಧುಕರ. ಅದು ಅಷ್ಟು ಸುಲಭವಿರಲಿಲ್ಲ. ಸುಗಂಧಾ ಒಂದು ತುಂಡನ್ನು ಎತ್ತಿ ಗಂಡನ ಭುಜದ ಮೇಲಿನಿಂದ ಅವನ ಕೈಗೆ ದಾಟಿಸಿದಳು. ಅದೇ ಹೊತ್ತಿಗೆ ಅದರ ಪಕ್ಕದ ತುಂಡನ್ನು ಹುಲಿಯಾ ಎತ್ತಿದ. ಎರಡು ತುಂಡುಗಳ ನಡುವೆ ಚೀಸಿನ ಒಂದು ದಾರ ಉಳಿಯಿತು.

ಶಿವಾನಂದ ಎಳೆದ. ದಾರ ಉದ್ದವಾಯಿತು. ಹುಲಿಯಾ ಎಳೆದ. ಇನ್ನೂ ಉದ್ದವಾಯಿತು. ಶಿವಾನಂದ ಎದ್ದು ಗೋಡೆಯತನಕ ಹೋದ. ದಾರ ಪೂಜಾಳ ತಲೆಯ ಮೇಲೆ ಹಾದು, ನೀರಿನ ಜಗ್ಗಿಗೆ ಒಂದು ಸುತ್ತು ಹಾಕಿ ಗಾಳಿಯಲ್ಲಿ ತೂಗಿತು, ಕಡಿಯಲಿಲ್ಲ. ನೌಕಾನೆಲೆಯ ಹುಡುಗರು ತಿನ್ನುವುದನ್ನು ಬಿಟ್ಟು ಎರಡು ಪಕ್ಷವಾಗಿ ಹುರಿದುಂಬಿಸತೊಡಗಿದರು. ಮಧುಕರ, "ಒರಿಜಿನಲ್ ಚೀಸ್, ನೋಡಿ ನೋಡಿ," ಎಂದು ಉಳಿದ ಮೇಜುಗಳಿಗೆ ತೋರಿಸಿದ.

ಆಗ ಹೊನ್ನಮ್ಮ ನಕ್ಕಳು. ಮೊದಲು ಸೆರಗು ಬಾಯಿಗೆ ಹಿಡಿದು, ಆಮೇಲೆ ಹಿಡಿಯಲಾರದೆ, ಚಿಕ್ಕಂದಿನಲ್ಲಿ ಶೇಂಗಾ ಗದ್ದೆಯ ಬದುವಿನಲ್ಲಿ ಕೂತು ನಗುತ್ತಿದ್ದಂತೆ ಬಿದ್ದು ಬಿದ್ದು ನಕ್ಕಳು. ಶಿವಾನಂದ ನಗು ಬಂದ ದಿಕ್ಕಿಗೆ ತಿರುಗಿದ. ತಿರುಗಿದವನು ಕುರ್ಚಿಯನ್ನೂ ತಿರುಗಿಸಿ ಕೂತ. ಪೂಜಾ ಎರಡು ಬೆರಳಿನಿಂದ ದಾರ ಕಡಿದು ಬಾಯಿಗೆ ಹಾಕಿಕೊಂಡಳು. ಆಮೇಲೆ ಯಾರು ಎಷ್ಟು ತಿಂದರು ಎಂಬುದು ಯಾರಿಗೂ ನೆನಪಿಲ್ಲ. ಕೊನೆಗೆ ಶಿವಾನಂದ ತೇಗಿದ್ದಂತೂ ಹೌದು.

ಇದನ್ನೆಲ್ಲ ಗಾಜಿನ ಗೋಡೆಯ ಆಚೆಯಿಂದ ಒಬ್ಬಳು ನೋಡುತ್ತಿದ್ದಳು. ಕಾರವಾರದ ಪೇಟೆಗೆ ಬಸಳೆ, ಬದನೆ ಮಾರಲು ಬಂದು ಖಾಲಿ ಬುಟ್ಟಿ ಹೊತ್ತು ಬಸ್ಸಿಗೆ ಹೊರಟಿದ್ದ ನೆರೆಮನೆಯ ಕಾಮಿ. ಅವಳು ಒಂದು ಬಸ್ಸು ಬಿಟ್ಟು ಕೊನೆಯತನಕ ನೋಡಿದಳು. ಆದರೂ ಇವರಿಗಿಂತ ಮೊದಲೇ ಊರು ಮುಟ್ಟಿದಳು. ಸುದ್ದಿ ಹೊತ್ತವರಿಗೆ ಬಸ್ಸು ಬೇಗ ಸಿಗುತ್ತದೆ.

ಕಾಮಿ ಹೇಳಿದ್ದು, ಇಬ್ಬರೂ ಒಂದೇ ಮೇಜಿಗೆ ಕೂತು ತಿಂದರು ಎಂದು. ಮೊದಲ ಮನೆ ದಾಟುವಾಗ ಅದು ಒಂದೇ ಬಟ್ಟಲಲ್ಲಿ ಉಂಡರು ಎಂದಾಯಿತು. ಬಾವಿಕಟ್ಟೆಯಲ್ಲಿ, ಹುಲಿಯಾ ಶಿವಾನಂದನಿಗೆ ತುತ್ತು ಕೊಟ್ಟ ಎಂದಾಯಿತು. ಚಾ ಅಂಗಡಿ ಮುಟ್ಟುವಾಗ, ಇಬ್ಬರೂ ಒಂದು ದಾರದಿಂದ ಕೈ ಕಟ್ಟಿಕೊಂಡು ಉಂಡರಂತೆ, ಅದು ಕಾರವಾರದಲ್ಲಿ ರಾಜಿಯಾಗುವ ಹೊಸ ಕ್ರಮವಂತೆ, ಕೋರ್ಟಿನಲ್ಲೂ ನಡೆಯುತ್ತದಂತೆ ಎಂಬಲ್ಲಿಗೆ ಬಂದು ನಿಂತಿತು.

ಮರುದಿನ ಬೆಳಿಗ್ಗೆ ಮಕ್ಕಳು ಬೇಲಿಯಲ್ಲಿ ಸಾಲಾಗಿ ನಿಂತರು, ಮೀಸೆ ಇದೆಯೋ ಎಂದು ನೋಡಲು. ಇತ್ತು. ಮಧ್ಯಾಹ್ನ ಇನ್ನೊಮ್ಮೆ ಬಂದರು. ಆಗಲೂ ಇತ್ತು. ಶಿವಾನಂದ ಮುಖಕ್ಕೆ ಟವೆಲು ಸುತ್ತಿಕೊಂಡು ಓಡಾಡಿದ. ಅದರಿಂದ ಮೀಸೆ ಹೋಗಿದೆ ಎಂಬ ಸುದ್ದಿ ಹುಟ್ಟಿ, ದೊಡ್ಡವರೂ ಬೇಲಿಗೆ ಬಂದರು.

ಸೋಮವಾರ ಅವನು ನರ್ಸರಿಯ ಸಾಹೇಬರಲ್ಲಿ ದುಃಖ ತೋಡಿಕೊಂಡ. ಸಾಹೇಬರು ಗಂಭೀರರಾದರು.

"ಶಿವಾನಂದ, ನಿನ್ನ ಗುರುತುಚೀಟಿಯ ಫೋಟೋದಲ್ಲಿ ಮೀಸೆ ಅದೆ. ಮೀಸೆ ತೆಗೆದ್ರೆ ಆ ಫೋಟೋದ ಮನುಷ್ಯ ಡ್ಯೂಟಿಗೆ ಗೈರುಹಾಜರಾದಂಗೆ. ಅದ್ಕೆ ಮೇಲಿನ ಕಚೇರಿಯ ಅಪ್ಪಣೆ ಬೇಕು. ಅಲ್ಲೀ ತನಕ ಕತ್ತರಿ ತಾಗಿಸಬೇಡ."

ಸರಕಾರವೇ ಮೀಸೆಯ ಬೆನ್ನಿಗೆ ನಿಂತಿತೆಂದು ಶಿವಾನಂದ ಎದೆಯುಬ್ಬಿಸಿ ಬಂದು ಇದನ್ನು ಊರಗೌಡ ಬೊಮ್ಮುವಿಗೆ ಅರುಹಿದ. ಗೌಡ ಬಾಯಲ್ಲಿದ್ದ ಎಲೆಯಡಿಕೆಯ ಕವಳ ಉಗಿದು, "ಮೀಸೆ ನಿಂದೋ ಸರ್ಕಾರದ್ದೋ?" ಎಂದು ಕೇಳಿದ.

"ನಂದೇ."

"ಹಂಗಾರೆ ಆಯ್ತವಾರ ನ್ಯಾಯಕ್ಕೆ ಬಾ. ಮೀಸೆ ತಕಂಡೇ ಬಾ."

ಭಾನುವಾರ ಗೌಡನ ಅಂಗಳದಲ್ಲಿ ಕೇರಿಯೇ ನೆರೆಯಿತು. ಕಿನ್ನರದಿಂದ ಹುಲಿಯಾ, ಹೊನ್ನಮ್ಮ ಬಂದರು. ಕಾರವಾರದಿಂದ ಸ್ಕೂಟರಿನ ಮೇಲೆ ಮಧುಕರ, ದಮಯಂತಿ ಬಂದರು. ದಮಯಂತಿಯ ತೊಡೆಯ ಮೇಲೆ ಎರಡು ದೊಡ್ಡ ಡಬ್ಬಗಳಿದ್ದವು. ವಸ್ತುವನ್ನು ನೋಡದೆ ನ್ಯಾಯ ಹೇಳುವುದಿಲ್ಲ ಎಂದು ಗೌಡ ಹೇಳಿಕಳಿಸಿದ್ದ. ಒಳಗೆ ಗೌಡನ ಮನೆಯವರು ಅನ್ನಕ್ಕೆ ಹಂಡೆ ಇಟ್ಟಿದ್ದರು. ನ್ಯಾಯಕ್ಕೆ ಬಂದವರನ್ನು ಉಣ್ಣಿಸದೆ ಕಳಿಸುವ ರೂಢಿ ಅಲ್ಲಿರಲಿಲ್ಲ.

"ಎರಡು ಮಾತು," ಎಂದ ಗೌಡ. "ಒಂದು, ಅದು ಪಂಕ್ತಿ ಹೌದಾ ಅಲ್ವಾ. ಎರಡು, ಅದು ಊಟ ಹೌದಾ ಅಲ್ವಾ. ಎರಡೂ ಹೌದಾದ್ರೆ ಮೀಸೆ ಹೋಯ್ತು. ಪಂಕ್ತಿ ಎಂತಾ ಕಂಡೆ, ಕಾಮಿ?"

ಕಾಮಿ ಕೋಲಿನಿಂದ ನೆಲದ ಮೇಲೆ ದುಂಡಗೆ ಗೀರಿದಳು. "ಹಿಂಗೆ ಕೂತಿದ್ರು. ಇವ ಇಲ್ಲಿ, ಅವ ಇಲ್ಲಿ."

"ನಾ ಬೆನ್ನು ಹಾಕಿದ್ದೆ," ಎಂದ ಶಿವಾನಂದ.

"ಹೌದು ಮಾರಾಯಾ, ನಾ ಇಲ್ಲ ಹೇಳೂದಿಲ್ಲ. ಆಮೇಲೆ ತಿರುಗಿದ್ಯಲ್ಲ. ನಿನ್ನ ಬಾಯಿ ಕಂಡದೆ ನಂಗೆ. ಬಾಯಿ ತುಂಬಿತ್ತು."

ಗೌಡ ಆ ವೃತ್ತವನ್ನು ಸುತ್ತಿ ಒಂದು ಪ್ರದಕ್ಷಿಣೆ ಹಾಕಿದ. ಮೊದಲಿಲ್ಲ ಕೊನೆಯಿಲ್ಲ, ಮೇಲಿಲ್ಲ ಕೆಳಗಿಲ್ಲ. ಯಾರು ಯಾರಿಗಿಂತ ದೊಡ್ಡವರೆಂದು ಹೇಳಲು ಬರದ ಈ ಆಕಾರ ಅವನಿಗೆ ಹಿಡಿಸಲಿಲ್ಲ. ಎಲ್ಲ ಮನೆಗಳಿಗೂ ಇಂಥ ಮೇಜು ಬಂದುಬಿಟ್ಟರೆ ಗೌಡಕಿ ಮಾಡುವುದು ಹೇಗೆ. ಆದರೂ ಅವನು ನ್ಯಾಯಸ್ಥ. "ಪಂಕ್ತಿ ಹೌದು," ಎಂದ. "ತಲೆ ಬಾಲ ಗಂಟು ಹಾಕಿದ ಪಂಕ್ತಿ."

ಶಿವಾನಂದನ ಕೈ ತಾನಾಗಿ ಮೀಸೆಗೆ ಹೋಯಿತು. ಇನ್ನು ಅದು ಪೂರ್ತಿಯಾಗಿ ಎರಡನೇ ಮಾತಿನ ಮೇಲೆ ನಿಂತಿತ್ತು.

"ಆದ್ರೆ ಒಂದು ಕೇಳ್ತೆ," ಎಂದ ಗೌಡ. "ಮೂರು ವರ್ಷ ಇವರ ನೆರಳಿಗೆ ನೆರಳು ತಾಗಿದ್ದಿಲ್ಲ. ಒಂದೇ ದಿನ, ಒಂದೇ ಹೊತ್ತಿಗೆ, ಒಂದೇ ಹೋಟ್ಲಿಗೆ ಹೆಂಗೆ ಹೋದ್ರು?"

ಬೀರಿ ಜಗಲಿಯ ಕಂಬ ಹಿಡಿದು ಎದ್ದು ನಿಂತಳು.

"ನಾನೇ ಕರೆಸ್ದೆ. ಪೂಜಾನ ಹತ್ರ ಫೋನು ಮಾಡ್ಸಿದೆ. ಇವ ಹೇಳಿದ್ದು ಊಟ ಮಾಡೂದಿಲ್ಲ ಹೇಳಿ. ಅದ್ಕೆ ಅನ್ನ ಇಲ್ದ ಜಾಗ ಹುಡುಕ್ದೆ. ಮೂರು ವರ್ಷದಿಂದ ಹುಡುಕ್ತಾನೇ ಇದ್ದೆ. ನಮ್ಮ ಬದಿಗೆ ಸಿಗ್ಲಿಲ್ಲ."

ಹೇಳಿ ಕೂತಳು. ಶಿವಾನಂದ ತಾಯಿಯ ಕಡೆ ನೋಡಿದ, ಆಮೇಲೆ ನೆಲದ ಮೇಲಿನ ಗೀರು ನೋಡಿದ. ಗೌಡ ಎರಡನೇ ಮಾತಿಗೆ ಬಂದು ಶಿವಾನಂದನನ್ನು ಕೇಳಿದ.

"ಅನ್ನ ಇತ್ತಾ?"

"ಇಲ್ಲ."

"ಮೀನು?"

"ಕೋಳಿ. ಚೂರು ಚೂರು."

"ಕೈ ತೊಳ್ಕಂಡ್ರಾ?"

"ಕಾಗದಕ್ಕೆ ಒರೆಸ್ಕಂಡ್ವು."

ಅಂಗಳದಲ್ಲಿ ಗುಜುಗುಜು ಎದ್ದಿತು. ಕೈ ತೊಳೆಯದ್ದು ಎಂಥಾ ಊಟ ಎಂದು ಒಂದು ಮೂಲೆ ಹೇಳಿತು. ಕಾಮಿ ಸುಮ್ಮನಿರಲಿಲ್ಲ. "ಗೌಡ್ರೇ, ಇವ ತೇಗಿದ. ಗಾಜಿನ ಆಚೆಗೂ ಕೇಳ್ತು. ತಿಂಡಿಗೆ ಯಾರಾದ್ರೂ ತೇಗ್ತ್ರಾ?"

"ಅದು ಸೋಡಾದ ತೇಗು," ಎಂದ ಶಿವಾನಂದ.

"ಸೋಡಾದ್ದು ಮೂಗಲ್ಲಿ ಬತ್ತದೆ. ಇದು ಹೊಟ್ಟೆಯಿಂದ ಬಂದದ್ದು."

ಮಧುಕರ ತಡೆಯಲಾರದೆ ಎದ್ದ. ಅವನಿಗೆ ಶಿವಾನಂದನ ಮೀಸೆಯ ಹಂಗಿರಲಿಲ್ಲ. ತನ್ನ ಬೋರ್ಡಿನ ಮರ್ಯಾದೆಯ ಹಂಗಿತ್ತು.

"ದೇವಾ, ಎಂತಾ ಮಾತು ಇದು? ಪಿಜ್ಜಾ ಅಂದ್ರೆ ಫುಲ್ ಮೀಲ್. ಗೋವಾದಲ್ಲಿ ಬಿಳಿ ಜನ ಬೇರೆ ಎಂತದೂ ತಿನ್ನೂದಿಲ್ಲ, ಇದೇ ಊಟ. ನನ್ನ ಬೋರ್ಡಿನ ಮೇಲೆ ಡಿನ್ನರ್ ಅಂತ ಬರೆದದೆ."

"ಹಂಗಾರೆ ಲೈಸೆನ್ಸಿನಲ್ಲಿ ಎಂತಾ ಬರೆದದೆ?" ಎಂದು ಹುಲಿಯಾ ಮೊದಲ ಸಲ ಬಾಯಿ ಬಿಟ್ಟ. ಊರೂರು ಹೋಟೆಲು ಕಟ್ಟಿದ ಮೇಸ್ತ್ರಿಗೆ ಇಂಥದು ಗೊತ್ತಿರುತ್ತದೆ.

ಮಧುಕರ ಕೆಮ್ಮಿದ. "ಅದ್ರಲ್ಲಿ ಉಪಾಹಾರ ಅಂತ ಅದೆ. ಊಟಕ್ಕೆ ಬೇರೆ ಲೈಸೆನ್ಸು ಬೇಕು ಹೇಳ್ತಾರೆ ಆಫೀಸಿನವ್ರು. ಅವರಿಗೆ ಅದು ತಿಂಡಿ, ಗಿರಾಕಿಗೆ ಊಟ."

ಬಾವ ತನ್ನ ಮೀಸೆಯ ಪಕ್ಷದಲ್ಲಿ ಮಾತಾಡಿದ್ದು ಕಂಡು ಶಿವಾನಂದ ಏನು ಮಾಡಬೇಕೆಂದು ತೋಚದೆ, ಪಕ್ಕದವನ ಕವಳದ ಸಂಚಿಯಿಂದ ಅಡಿಕೆ ತೆಗೆದು ಬಾಯಿಗೆ ಹಾಕಿಕೊಂಡ.

"ಡಬ್ಬ ತೆಗೀರಿ," ಎಂದ ಗೌಡ.

ತಣ್ಣಗಾದ ಪಿಜ್ಜಾ ಹೊರಗೆ ಬಂತು. ಗೌಡ ಒಂದು ಚೂರು ಮುರಿದು ಬಾಯಿಗೆ ಹಾಕಿ, ಕಣ್ಣು ಮುಚ್ಚಿ ಅಗಿದ. ಬಹಳ ಹೊತ್ತು ಅಗಿದ.

"ರೊಟ್ಟಿ," ಎಂದ ಕೊನೆಗೆ. "ಮೇಲೆ ಯಾರೋ ಎಂತದೋ ಚೆಲ್ಲಿದ್ರು. ಒಬ್ಬನ ನಾಲಿಗೆ ಸಾಕಾಗೂದಿಲ್ಲ, ನೀವೂ ನೋಡಿ."

ಸಾಕ್ಷ್ಯವನ್ನು ಹಿರಿಯರು ಪರಿಶೀಲಿಸಿದರು. ಹಿರಿಯರ ಪರಿಶೀಲನೆ ಸರಿಯಿದೆಯೇ ಎಂದು ಕಿರಿಯರು ಪರಿಶೀಲಿಸಿದರು. ಕಾಮಿ ತನ್ನ ಹೇಳಿಕೆಯನ್ನು ಗಟ್ಟಿ ಮಾಡಿಕೊಳ್ಳಲು ಎರಡು ತುಂಡು ಪರಿಶೀಲಿಸಿದಳು. ಡಬ್ಬ ಖಾಲಿಯಾದ ಮೇಲೂ ಅರ್ಧ ಜನ ಊಟವೆಂದರು, ಅರ್ಧ ಜನ ಹಬ್ಬಕ್ಕೆ ಮಾಡುವ ತ್ವಾಡೆವು, ಸುಟ್ಟೆವುಗಳ ಹಾಗೆ ತಿಂಡಿಯೆಂದರು. ಗೌಡ ಕಕ್ಕಾಬಿಕ್ಕಿಯಾಗಿ ಸುತ್ತ ನೋಡುವಾಗ ಸ್ಕೂಟರಿಗೆ ಒರಗಿ ನಿಂತಿದ್ದ ದಮಯಂತಿ ಕಣ್ಣಿಗೆ ಬಿದ್ದಳು.

"ಬಾಯೀ, ಇದನ್ನ ಮಾಡೂದು ನೀವೇ ಅಲ್ವಾ? ದಿನಾ ತಿಂತ್ರಾ?"

"ದಿನಾ. ಉಳಿದದ್ದು ಬಿಸಾಡೂಕೆ ಮನಸು ಬರೂದಿಲ್ಲಲ್ಲ."

"ತಿಂದ್ಕಂಡು ಮನೆಗೆ ಹೋಗಿ ಎಂತಾ ಮಾಡ್ತ್ರಿ?"

ದಮಯಂತಿ ಗಂಡನ ಮುಖ ನೋಡಿದಳು. ಗಂಡ ಬೇಡ ಬೇಡವೆಂದು ಹುಬ್ಬು ಹಾರಿಸಿದ. ಆದರೆ ಕೇಳಿದವನು ಹಿರಿಯ, ಎದುರಿಗೆ ತುಳಸಿಕಟ್ಟೆ.

"ಮನೆಗೆ ಹೋಗಿ ಅನ್ನ, ಬಂಗಡೆ ಮೀನಿನ ಹುಮಣ ಊಟ ಮಾಡ್ತೇವೆ," ಎಂದಳು. "ಇವ್ರಿಗೂ ಅದೇ. ಇವ್ರಿಗೆ ಎರಡು ಸಲ ಬಡಿಸಬೇಕು."

ಮಧುಕರ ಸ್ಕೂಟರಿನ ಕನ್ನಡಿಯಲ್ಲಿ ಮುಖ ನೋಡಿಕೊಂಡ. ಗೌಡ ತೊಡೆ ತಟ್ಟಿದ.

"ಮುಗೀತು. ಮಾಡೂ ಹೆಣ್ಣೇ ಅದ್ರ ಮೇಲೆ ಅನ್ನ ಉಣ್ತದೆ. ಅದು ತಿಂಡಿ. ತಿಂಡಿಗೆ ಪಂಕ್ತಿ ಲೆಕ್ಕ ಇಲ್ಲ. ಶಿವಾನಂದನ ಮೀಸೆ ಶಿವಾನಂದನ ಮುಖದ ಮೇಲೇ ಇರ್ಲಿ."

ಬೇಲಿಯ ಮಕ್ಕಳು ಕೂಗಿದರು. ಯಾರೋ ಶಿವಾನಂದನ ಬೆನ್ನು ಗುದ್ದಿದರು. ಅವನು ಎರಡೂ ಕೈಯಿಂದ ಎರಡೂ ಬದಿಯ ಮೀಸೆ ತಿರುವಿ, ಇಲಾಖೆಯ ಸೀಟಿ ತೆಗೆದು ಒಮ್ಮೆ ಊದಿಯೂ ಬಿಟ್ಟ. ಎಲೆ ಹಾಕಿ ಎಂದು ಗೌಡ ಒಳಗೆ ಕೂಗಿದ. ಜಗಲಿಯ ಉದ್ದಕ್ಕೂ ಬಾಳೆ ಎಲೆಗಳನ್ನು ಹಾಸಿದರು. ಹುಲಿಯಾನನ್ನು ಮೊದಲ ಪಂಕ್ತಿಗೆ ಕೂರಿಸಿದರು. ಶಿವಾನಂದನಿಗೆ, ಶಪಥ ಇದ್ದೇ ಇತ್ತಲ್ಲ, ಎರಡನೆಯದಕ್ಕೆ ತಡೆದುಕೋ ಎಂದರು.

ಹೊನ್ನಮ್ಮ ತಾಯಿಯ ಪಕ್ಕದಿಂದ ಎದ್ದಳು. ಚೀಲ ಹೆಗಲಿಗೆ ಹಾಕಿದಳು.

"ಎಲ್ಲಿಗೇ?" ಎಂದಳು ಗೌಡನ ಹೆಂಡತಿ. "ಉಣ್ಣೂದಿಲ್ವಾ?"

"ಹಸಿವಿಲ್ಲ ಅತ್ತೆ. ಬಸ್ಸಿಗೆ ಹೊತ್ತಾಯ್ತು." ಮೆಟ್ಟಿಲಿಳಿದು ನಿಂತು ಹೇಳಿದಳು, ಯಾರಿಗೆಂದು ಇಲ್ಲ: "ಆವತ್ತು ಒಟ್ಟಿಗೆ ಕೂತು ಉಂಡ್ವು ಹೇಳಿ ತಿಳ್ಕಂಡಿದ್ದೆ. ಮುಂದಿನ ಹಬ್ಬಕ್ಕೆ ತವರಿಗೆ ಬರೂದು ಹೇಳಿ ಸೀರೆನೂ ತೆಗೆದಿಟ್ಟಿದ್ದೆ. ಉಂಡದ್ದೇ ಅಲ್ಲ ಅಂದ್ರೆ ಹಂಗೇ ಸೈ."

ಸೀಟಿ ಶಿವಾನಂದನ ಬಾಯಲ್ಲೇ ಇತ್ತು. ಅದನ್ನು ತೆಗೆದು ಪೂಜಾಳ ಕೈಗೆ ಕೊಟ್ಟ. ಕಾಲು ತೊಳೆದುಕೊಂಡ. ಜಗಲಿ ಹತ್ತಿ ಪಂಕ್ತಿಯ ಉದ್ದಕ್ಕೂ ನಡೆದ. ಎಲ್ಲೂ ಜಾಗವಿರಲಿಲ್ಲ. ಹುಲಿಯಾನ ಮುಂದೆ ಬಂದು ನಿಂತ.

"ಬಾವಾ," ಎಂದ, "ಸ್ವಲ್ಪ ಅತ್ಲಾಗೆ ಸರಿ."

ಮೂರು ವರ್ಷದಲ್ಲಿ ಗೋಡೆಯನ್ನಾಗಲಿ ತಾಯಿಯನ್ನಾಗಲಿ ನಡುವೆ ಇಟ್ಟುಕೊಳ್ಳದೆ ಅವನು ಹೇಳಿದ ಮೊದಲ ಮಾತು ಅದು. ಹುಲಿಯಾ ಬಾಯಿ ತೆರೆದು ನೋಡಿದ. ನೋಡಿ ಸರಿದ. ಅವನು ಸರಿದದ್ದಕ್ಕೆ ಪಕ್ಕದವರು ಸರಿದರು, ಆ ತುದಿಯಲ್ಲಿದ್ದ ಮಧುಕರ ಜಗಲಿಯಿಂದ ಅರ್ಧ ಹೊರಗಾದ. ಆದ ಸಂದಿಯಲ್ಲಿ ಶಿವಾನಂದ ಒಂದು ಎಲೆ ಹಾಸಿಕೊಂಡು ಕೂತ.

"ಹೋಯ್ ಶಿವಾನಂದಾ," ಎಂದ ಗೌಡ ಗಾಬರಿಯಿಂದ, "ನ್ಯಾಯ ಹೇಳಿ ಕವಳ ಉಗಿದಿಲ್ಲ ಇನ್ನೂ. ಇದು ಅನ್ನ ಮಾರಾಯಾ. ಇದ್ಕೆ ನಂಗೆ ಎಂತದೂ ಮಾಡೂಕಾಗೂದಿಲ್ಲ. ಬೇಕಾರೆ ಮಂಜಗುಣಿ ವೆಂಕಟರಮಣನಿಗೆ ತಪ್ಪುಕಾಯಿ ಇಟ್ಟು ಬಾ, ಆಮೇಲೆ ಉಣ್ಣಕ್ಕು."

"ಬೇಡ ಗೌಡ್ರೇ. ನಾ ಹೇಳಿದ ಮಾತು, ನಾನೇ ನೋಡ್ಕಣ್ತೆ. ಅಕ್ಕಾ, ಆ ಚೀಲ ಕೆಳಗಿಡು. ಬಡಿಸೂಕೆ ಜನ ಕಮ್ಮಿ ಕಾಣ್ತದೆ, ನೀನೇ ಬಡ್ಸು."

ಹೊನ್ನಮ್ಮ ಚೀಲವನ್ನು ಇಳಿಸಿದಳೋ ಎಸೆದಳೋ, ಅದು ಗೌಡನ ಕೋಳಿಯ ಮೇಲೆ ಬಿತ್ತು. ಅನ್ನದ ಪಾತ್ರೆ ತಂದು ತಮ್ಮನ ಎಲೆಗೆ ಸುರಿದಳು, ಸುರಿದೇ ಸುರಿದಳು. ಮೇಲೆ ಸಾರು ಹಾಕುವ ಅವಸರದಲ್ಲಿ ಅರ್ಧ ಅವನ ಮೊಣಕಾಲಿಗೆ ಬಿತ್ತು. ಅವನು ಕಲಸಿ ದೊಡ್ಡ ತುತ್ತು ಮಾಡಿ, ಎಲ್ಲರೂ ನೋಡುವಂತೆ ಎತ್ತಿ ಹಿಡಿದು, ಬಾಯಿಗಿಟ್ಟ. ಬೀರಿ ಕಂಬಕ್ಕೆ ಒರಗಿ, ಇಬ್ಬರ ಎಲೆಯನ್ನೂ ಒಂದರ ನಂತರ ಒಂದು ನೋಡುತ್ತ, ತನ್ನ ಬಾಯನ್ನೂ ಅಗಿದಂತೆ ಆಡಿಸುತ್ತಿದ್ದಳು.

ಸುಗಂಧಾ ಉಪ್ಪು ಬಡಿಸುತ್ತ ಬಂದವಳು ಗಂಡನ ಮುಂದೆ ಬಗ್ಗಿದಳು. "ಮೀಸೆಗೆಲ್ಲ ಸಾರು ಮೆತ್ಕಂಡದೆ. ಒರೆಸ್ಕಳಿ."

"ಇರ್ಲಿ ಬಿಡೇ," ಎಂದ ಶಿವಾನಂದ ತುಂಬಿದ ಬಾಯಿಂದ. "ಅದೂ ಉಣ್ಲಿ. ನಾಳೆ ಬೆಳಿಗ್ಗೆಗೆ ಅದು ಇರೂದಿಲ್ಲ."

ಹುಲಿಯಾ ತನ್ನ ಎಲೆಯ ಮೇಲಿದ್ದ ಬಂಗಡೆಯನ್ನು, ತಲೆ ಬಾಲ ಸಮೇತ, ಎತ್ತಿ ಭಾವಮೈದುನನ ಎಲೆಗೆ ಹಾಕಿದ.

"ಹಂಗಾರೆ ಇದು ಅದ್ಕೆ," ಎಂದ.